ಅರ್ಥ ಹೇಳಿದರೆ ಅಂಕ

ರಜಾದಿನದ ಮಧ್ಯಾಹ್ನ ನಮ್ಮ ಹೈದರಾಬಾದಿನ ಮನೆಯಲ್ಲಿ ಸ್ಕ್ರ್ಯಾಬಲ್ ಹಲಗೆ ಹಾಸಿದರೆ ಸಂಜೆಯ ಚಹಾದವರೆಗೆ ಮಕ್ಕಳು ಏಳುವುದಿಲ್ಲ. ಇಂಗ್ಲಿಷ್ ಪದಗಳನ್ನು ಜೋಡಿಸುವ ಈ ಆಟವನ್ನು ರೂಪಿಸಿದವರು ಅಮೆರಿಕದ ಆಲ್ಫ್ರೆಡ್ ಬಟ್ಸ್. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡಿದ್ದ ಈ ವಾಸ್ತುಶಿಲ್ಪಿ, ವೃತ್ತಪತ್ರಿಕೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಅದರಂತೆ ಅಂಕ ಗೊತ್ತುಮಾಡಿದರು. ಗುಮಾಸ್ತರಾದ ನಮಗೆ ಈ ಎಣಿಕೆಯ ಮೇಲೆ ವಿಶೇಷ ಗೌರವ! 100 ಬಿಲ್ಲೆಗಳಲ್ಲಿ ‘ಇ’ 12 ಉಂಟು. ಅದಕ್ಕೆ ಒಂದೇ ಅಂಕ. ‘ಕ್ಯು’, ‘ಝಡ್’ ಒಂದೊಂದೇ; ಅವಕ್ಕೆ ಹತ್ತು ಹತ್ತು.

‘ಕ್ಯು’ ಕೈಗೆ ಬಂದು ‘ಯು’ ಬಾರದಿದ್ದರೆ ಫಜೀತಿ. ಆಗ ಕ್ಯು-ಐ ನೆರವಿಗೆ ಬರುತ್ತದೆ; ಚೀನೀಯರು ಹೇಳುವ ಪ್ರಾಣಶಕ್ತಿ ಅದು. ಕ್ಯು-ಎ-ಟಿ ಎಂದರೆ ಯೆಮನ್ ದೇಶದವರು ಅಗಿಯುವ ಅಮಲಿನ ಎಲೆ. ಝಡ್-ಎ-ಎಕ್ಸ್ ಎಂಬುದು ಮಾಡಿಗೆ ಹೊದಿಸುವ ಕಲ್ಲಿನ ಬಿಲ್ಲೆ ಕತ್ತರಿಸುವ ಹತಾರ, 19 ಅಂಕ. ಸಿ-ಡಬ್ಲ್ಯು-ಎಂ, ಅಂದರೆ ‘ಕೂಮ್’, ವೇಲ್ಸ್ ನಾಡಿನ ಮಾತು. ಬೋಗುಣಿಯಂಥ ಕಣಿವೆ ಎಂದರ್ಥ. ಎವರೆಸ್ಟ್ ಹತ್ತುವವರು ದಾಟುವ ‘ವೆಸ್ಟರ್ನ್ ಕೂಮ್’ ಇದೇ.

ಮಕ್ಕಳು ಇಂಥವನ್ನು ಗಿಣಿಪಾಠ ಮಾಡಿ ಅಂಕ ಬಾಚತೊಡಗಿದಾಗ ನಾವೊಂದು ಕಾಯಿದೆ ತಂದೆವು: ಅರ್ಥ ಹೇಳದಿದ್ದರೆ ಅಂಕವಿಲ್ಲ. ಆಟಕ್ಕೆ ಕರೆದರೆ ನಮ್ಮ ಮನೆಯಾಕೆ ಮಾತ್ರ, “ನನಗೆಲ್ಲಿ ಇಂಗ್ಲಿಷ್ ಬರತದರೀ?” ಎಂದು ಮೊರ ಹಿಡಿದು ದೂರ ಕೂಡುವರು. “ಅವ್ವಗ ಬರೂದಿಲ್ಲ” ಎಂದು ಮಗಳು ನೆರೆಯವರ ಮುಂದೆಯೂ ಹೇಳಿದ್ದುಂಟು. ಆ ಮಾತು ನಮಗೆ ಚುಚ್ಚಿತ್ತು, ಆಕೆ ಸುಮ್ಮನಿದ್ದರು.

ಒಂದು ದಿನ ಮಗಳು ಕ್ಯು-ಎ-ಎನ್-ಎ-ಟಿ, ‘ಕನಾತ್’ ಎಂದು ಹೂಡಿದಳು, 14 ಅಂಕ. ಅರ್ಥ ಕೇಳಿದರೆ ಮೌನ. ನಿಘಂಟು ತೆರೆದು, “ನೀರು ತರಲು ನೆಲದಡಿ ತೋಡಿದ ಸುರಂಗ, ಇರಾನಿನ ಕಡೆಯದು” ಎಂದು ನಾವೇ ಓದಿದೆವು. ಆದರೂ ಅವಳಿಗೆ ತಿಳಿಯಲಿಲ್ಲ.

ಮೊರದ ಸದ್ದು ನಿಂತಿತು. “ಅದರಾಗೇನದ? ನಮ್ಮ ಬೀದರದಾಗ ಅದಕ್ಕ ಸುರಂಗ ಬಾವಿ ಅಂತೀವಿ. ನೌಬಾದದಾಗ ನಾ ಕಂಡೀನಿ.”

ಮಕ್ಕಳು ತಾಯಿಯ ಸುತ್ತ ಕೂತರು. ಎತ್ತರದ ನೆಲದಲ್ಲಿ ಒರತೆ ಹಿಡಿದು, ಅಲ್ಲಿಂದ ತುಸು ಇಳಿಜಾರಾಗಿ ಸುರಂಗ ತೋಡುತ್ತಾರೆ. ಮಣ್ಣೆತ್ತಲು, ಗಾಳಿಯಾಡಲು ನಡುನಡುವೆ ಬಾವಿಗಳು. ನೀರು ತಾನಾಗಿ ಹರಿದು ಬರುತ್ತದೆ. ಕಾಳು ಹರವಿ ಆಕೆ ಇದನ್ನೆಲ್ಲ ತೋರಿಸಿದರು. 15ನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಪರ್ಷಿಯಾದಿಂದ ಬಂದ ವಿದ್ಯೆಯಿದು. ‘ಕರೇಜ್’ ಎಂಬ ಹೆಸರೂ ಉಂಟೆಂದು ನಾವು ಸೇರಿಸಿದೆವು.

ಈಗ 14 ಅಂಕ ಯಾರಿಗೆ? ನಾವು ತೀರ್ಪು ಹೇಳುವ ಮೊದಲೇ ಮಗಳು ಹಾಳೆಯಲ್ಲಿ ಹೊಸ ಗೆರೆ ಎಳೆದು, ಮೇಲೆ ‘ಅವ್ವ’ ಎಂದು ಬರೆದಳು.

ಆಟವಾಡುವ ಮನೆಗಳಲ್ಲಿ ಈ ಕಾಯಿದೆಯನ್ನು ಜಾರಿಗೆ ತಂದು ನೋಡಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ. ಮುಂದಿನ ರಜೆಗೆ ನಾವು ನೌಬಾದಕ್ಕೆ ಹೊರಟಿದ್ದೇವೆ. ದಾರಿ ತೋರಿಸುವವರು ಮನೆಯಾಕೆ.