ಪ್ಯಾಕೇಜ್ ಎಷ್ಟು ಅನ್ನೋದರ ಜೊತೆ ಕೇಳಬೇಕಾದ ಪ್ರಶ್ನೆ

ಪ್ಲೇಸ್‌ಮೆಂಟ್ ಸೀಸನ್ ಬಂತಂದ್ರೆ ಕ್ಯಾಂಪಸ್ ತುಂಬ ಒಂದೇ ಮಾತು: ಪ್ಯಾಕೇಜ್ ಎಷ್ಟು? ಆದರೆ ದೊಡ್ಡ ಕಂಪನಿಗಳ ರಿಸರ್ಚ್ ಲ್ಯಾಬ್‌ಗಳ ಕಥೆ ನೋಡಿದ್ರೆ, ಒಳ್ಳೆಯ ಎಂಜಿನಿಯರ್‌ಗಳು ಬರೀ ಸಂಬಳ ನೋಡಿ ಬರೋದಿಲ್ಲ, ಬರೀ ಸಂಬಳಕ್ಕಾಗಿ ಉಳಿಯೋದೂ ಇಲ್ಲ.

ನಮಗೆ ಜೆರಾಕ್ಸ್ ಅಂದ್ರೆ ನೋಟ್ಸ್ ಕಾಪಿ ಮಾಡಿಸೋ ಅಂಗಡಿ. ಆ ಹೆಸರಿನ ಅಮೆರಿಕನ್ ಕಂಪನಿ ಕಾಪಿ ಮೆಷಿನ್ ಮಾರಿ ಬಂದ ದುಡ್ಡಲ್ಲಿ 1970ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ‘ಪಾರ್ಕ್’ ಅನ್ನೋ ಲ್ಯಾಬ್ ಶುರು ಮಾಡ್ತು. ಅಲ್ಲಿಗೆ ಜನರನ್ನ ಸೇರಿಸಿದವರಲ್ಲಿ ಬಾಬ್ ಟೇಲರ್ ಮುಖ್ಯರು. ಅವರು ಮೊದಲು ಅಮೆರಿಕ ಸರ್ಕಾರದ ಆರ್ಪಾದಲ್ಲಿದ್ದು, ಯೂನಿವರ್ಸಿಟಿಗಳ ಕಂಪ್ಯೂಟರ್ ಸಂಶೋಧನೆಗೆ ಹಣ ಕೊಡ್ತಿದ್ದವರು. ಹಾಗಾಗಿ ಯಾವ ಊರಲ್ಲಿ ಯಾರು ಚೆನ್ನಾಗಿ ಕೆಲಸ ಮಾಡ್ತಿದ್ದಾರೆ ಅಂತ ಅವರಿಗೆ ಗೊತ್ತಿತ್ತು. ಬಟ್ಲರ್ ಲ್ಯಾಂಪ್ಸನ್, ಅಲನ್ ಕೇ ಅಂಥವರು ಬಂದ ಮೇಲೆ, ಅವರ ಜೊತೆ ಕೆಲಸ ಮಾಡೋ ಆಸೆಯೇ ಉಳಿದವರನ್ನ ಎಳೆಯೋಕೆ ಸಾಕಾಯ್ತು.

1973ರ ಹೊತ್ತಿಗೆ ಅವರು ‘ಆಲ್ಟೊ’ ಕಂಪ್ಯೂಟರ್ ಕಟ್ಟಿದ್ರು. ಮೌಸ್, ಚಿತ್ರ ತೋರಿಸೋ ಸ್ಕ್ರೀನ್, ಆಮೇಲೆ ಈಥರ್‌ನೆಟ್, ಲೇಸರ್ ಪ್ರಿಂಟರ್, ಎಲ್ಲ ಒಂದೇ ಕಟ್ಟಡದಲ್ಲಿ!

ಲೇಸರ್ ಪ್ರಿಂಟರ್‌ನಿಂದ ಜೆರಾಕ್ಸ್ ಚೆನ್ನಾಗಿ ದುಡೀತು. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ತಡವಾಯ್ತು. 1981ರಲ್ಲಿ ಬಂದ ‘ಸ್ಟಾರ್’ ಬೆಲೆ ಸುಮಾರು 16,000 ಡಾಲರ್; ಅದೇ ವರ್ಷದ ಐಬಿಎಂ ಪಿಸಿ 1,565 ಡಾಲರ್‌ನಿಂದ ಶುರು. ತಾವು ಮಾಡಿದ್ದು ಜನರ ಕೈಗೆ ತಲುಪಲ್ಲ ಅನ್ನಿಸಿದಾಗ ಎಂಜಿನಿಯರ್‌ಗಳು ಯಾಕೆ ಉಳೀತಾರೆ? ಈಥರ್‌ನೆಟ್‌ನ ಬಾಬ್ ಮೆಟ್ಕಾಫ್ 1979ರಲ್ಲಿ ತ್ರೀಕಾಮ್ ಶುರು ಮಾಡಿದ್ರು. ಚಾರ್ಲ್ಸ್ ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟ್‌ಗೆ ಹೋದ್ರು. ವರ್ಡ್ ಬಂದದ್ದು ಅಲ್ಲಿಂದ. ಜಾನ್ ವಾರ್ನಾಕ್, ಚಕ್ ಗೆಶ್ಕಿ 1982ರಲ್ಲಿ ಅಡೋಬಿ ಕಟ್ಟಿದ್ರು.

ಇದು ಹಳೇ ಕಥೆ ಅಂದ್ಕೋಬೇಡಿ. ಈಗಿನ ಚಾಟ್‌ಬಾಟ್‌ಗಳ ಬುನಾದಿಯಾದ ಟ್ರಾನ್ಸ್‌ಫಾರ್ಮರ್ ಪೇಪರ್ 2017ರಲ್ಲಿ ಗೂಗಲ್‌ನಿಂದ ಬಂತು. ಅದನ್ನ ಬರೆದ ಎಂಟೂ ಜನ ಆಮೇಲೆ ಒಬ್ಬೊಬ್ಬರಾಗಿ ಕಂಪನಿ ಬಿಟ್ರು. ನೋಮ್ ಶಜೀರ್ ಅವರು 2024ರಲ್ಲಿ ವಾಪಸ್ ಬಂದ್ರು.

ಇಂಥ ಲ್ಯಾಬ್ ನೋಡೋಕೆ ಈಗ ಕ್ಯಾಲಿಫೋರ್ನಿಯಾಕ್ಕೇ ಹೋಗಬೇಕಿಲ್ಲ. ಮೈಕ್ರೋಸಾಫ್ಟ್ ರಿಸರ್ಚ್ 2005ರಿಂದ ಬೆಂಗಳೂರಲ್ಲಿದೆ. ಡಿಗ್ರಿ ಮುಗಿಸಿದವರಿಗೆ ಪಿಎಚ್‌ಡಿಗೆ ಮುಂಚೆಯೇ ರಿಸರ್ಚ್ ಫೆಲೋ ಆಗೋ ದಾರಿಯೂ ಇದೆ.

ಪ್ಯಾಕೇಜ್ ಕೇಳೋದು ತಪ್ಪಲ್ಲ. ಎಜುಕೇಶನ್ ಲೋನ್ ತೀರಿಸಬೇಕಲ್ವಾ? ಆದರೆ ಇನ್ನೆರಡು ಪ್ರಶ್ನೆ ಸೇರಿಸಿ ಕೇಳಿ: ನಾನು ಯಾರ ಪಕ್ಕ ಕೂತು ಕಲೀತೀನಿ? ನಾನು ಮಾಡಿದ್ದು ಎಲ್ಲಿಗೆ ತಲುಪುತ್ತೆ?