ಮೆಟ್ಟಿಲು ಹತ್ತದೆ ಬೀದಿಗೆ

ಬೆಳಿಗ್ಗೆ ಒಂಬತ್ತೂವರೆಯ ಹೊತ್ತು. ಮುಂಬೈಯ ಚರ್ಚ್‌ಗೇಟ್‌ಗೆ ಬೋರಿವಲಿಯ ಫಾಸ್ಟ್ ಲೋಕಲ್ ಬಂದು ನಿಲ್ಲುವ ಮೊದಲೇ ಬಾಗಿಲಲ್ಲಿದ್ದವರು ಇಳಿದು ನಡೆಯತೊಡಗಿರುತ್ತಾರೆ. ದಾದರ್‌ನಲ್ಲಾದರೆ ಇಳಿದವರು ಸೇತುವೆಯ ಮೆಟ್ಟಿಲ ಬುಡದಲ್ಲಿ ಒತ್ತೊತ್ತಿ ನಿಲ್ಲಬೇಕು. ಇಲ್ಲಿ ಆ ಗೋಳಿಲ್ಲ. ಹಳಿ ಮುಗಿದಲ್ಲಿ ಪಡಸಾಲೆ, ಅದರಾಚೆ ಬೀದಿ.

ಕೊನೆಯ ನಿಲ್ದಾಣದ ದೊಡ್ಡ ಅನುಕೂಲ ಇದೇ. ಚರ್ಚ್‌ಗೇಟ್‌ನ ನಕ್ಷೆ ಒಂದು ಬಾಚಣಿಗೆಯಂತಿದೆ: ನಾಲ್ಕು ಪ್ಲಾಟ್‌ಫಾರ್ಮ್‌ಗಳು ಹಲ್ಲುಗಳಾದರೆ, ಅವುಗಳ ತುದಿಗೆ ಅಡ್ಡಲಾಗಿ ಹರಡಿದ ಪಡಸಾಲೆಯೇ ಹಿಡಿ. ಯಾವ ಪ್ಲಾಟ್‌ಫಾರ್ಮ್‌ನಲ್ಲಿ ಇಳಿದರೂ ಸಮನೆಲದಲ್ಲೇ ಹೊರಬರಬಹುದು. ಊಟದ ಡಬ್ಬಿಗಳು ತುಂಬಿದ ಉದ್ದನೆಯ ಮರದ ತಟ್ಟೆಯನ್ನು ತಲೆ ಮೇಲೆ ಹೊತ್ತ ಡಬ್ಬಾವಾಲಾನ ನಡಿಗೆ ನೋಡಿದರೆ ಈ ಸಮನೆಲದ ಬೆಲೆ ತಿಳಿಯುತ್ತದೆ. ತಟ್ಟೆ ಅಲುಗದು, ಜನರೇ ಸರಿದು ದಾರಿ ಬಿಡುತ್ತಾರೆ.

ಈ ಮಾರ್ಗ ಹಿಂದೆ ಕೊಲಾಬಾದವರೆಗೂ ಇತ್ತು. 1930ರ ಕೊನೆಯಲ್ಲಿ ಕೊಲಾಬಾ ನಿಲ್ದಾಣ ಮುಚ್ಚಿತು; ದೂರದೂರಿನ ರೈಲುಗಳು ಆಗಷ್ಟೇ ತೆರೆದಿದ್ದ ಬಾಂಬೆ ಸೆಂಟ್ರಲ್‌ಗೆ ಹೋದವು, ಲೋಕಲ್‌ಗಳು ಚರ್ಚ್‌ಗೇಟ್‌ನಲ್ಲಿ ಉಳಿದವು. ನಗರದ ಇನ್ನೊಂದು ಕೊನೆಯ ನಿಲ್ದಾಣವಾದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನ 18 ಪ್ಲಾಟ್‌ಫಾರ್ಮ್‌ಗಳಲ್ಲಿ ಲೋಕಲ್‌ಗೆ ಇರುವುದು 7 ಮಾತ್ರ, ಉಳಿದವು ದೂರದೂರಿನ ರೈಲುಗಳಿಗೆ. ಚರ್ಚ್‌ಗೇಟ್‌ನಲ್ಲಿ ಹಾಸಿಗೆ, ಪೆಟ್ಟಿಗೆ ಹರಡಿಕೊಂಡು ಗಂಟೆಗಟ್ಟಲೆ ಕಾಯುವವರೇ ಇಲ್ಲದ್ದರಿಂದ ಪಡಸಾಲೆಯೆಲ್ಲ ನಡೆಯುವವರದ್ದು.

ಕಟ್ಟಡದಲ್ಲಿ ಅಂದಚಂದ ಹುಡುಕಬೇಕಿಲ್ಲ. ಎದುರಿಗಿರುವ ಪಶ್ಚಿಮ ರೈಲ್ವೆಯ ಗುಮ್ಮಟಗಳ ಕಚೇರಿ ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸದ್ದು, 1899ರದ್ದು. ಪ್ರವಾಸಿಗರ ಕ್ಯಾಮೆರಾ ಅತ್ತಲೇ ತಿರುಗುತ್ತದೆ. ನಿಲ್ದಾಣದ ಜಾಣ್ಮೆ ಇರುವುದು ಹಳಿಗಳ ಕಡೆ. ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ರೈಲನ್ನು ತಿರುಗಿಸಬೇಕಿಲ್ಲ. ಬಂದ ಮುಖದ ಹಿಂಬದಿಯೇ ಹೊರಡುವ ಮುಖ. ನಿಜವಾದ ಇಕ್ಕಟ್ಟು ನಿಲ್ದಾಣದ ಕೊರಳಲ್ಲಿ. ಬರುವ ರೈಲು, ಹೋಗುವ ರೈಲು ಅಲ್ಲೇ ಒಂದರ ದಾರಿ ಒಂದು ದಾಟಿಕೊಂಡು ಹಳಿ ಬದಲಿಸಬೇಕು. ಅಲ್ಲಿ ಒಂದು ನಿಮಿಷ ತಡವಾದರೆ ಅದರ ಬಿಸಿ ದೂರದ ವಿರಾರ್‌ವರೆಗೂ ತಟ್ಟುತ್ತದೆ.

ಹಳಿಯ ತುದಿಯಲ್ಲಿ ರೈಲನ್ನು ತಡೆಯುವ ಬಫರ್ ಇದೆ. ರೈಲು ಅದರ ಹತ್ತಿರ ಬರುವಾಗ ತೆವಳಿದಂತೆ ಬರುತ್ತದೆ, ಬರಲೇಬೇಕು. 2015ರ ಜೂನ್ 28ರಂದು ಒಂದು ಲೋಕಲ್ ಬಫರ್ ದಾಟಿ ಪ್ಲಾಟ್‌ಫಾರ್ಮ್ ಮೇಲೇರಿತ್ತು, ಕೆಲವರಿಗೆ ಗಾಯವಾಯಿತು. ಅದು ಭಾನುವಾರ. ಕೆಲಸದ ದಿನವಾಗಿದ್ದರೆ ಆ ಪಡಸಾಲೆಯಲ್ಲಿ ಎಷ್ಟು ಜನ ಇರುತ್ತಿದ್ದರು ಎಂದು ನೆನೆದರೇ ಮೈ ನಡುಗುತ್ತದೆ.

ಬಾಚಣಿಗೆಯ ನಕ್ಷೆಗೆ ಒಂದು ಕೊರತೆಯೂ ಉಂಟು. ಹನ್ನೆರಡು ಬೋಗಿಯ ರೈಲಿನ ಉದ್ದ ಸುಮಾರು ಕಾಲು ಕಿಲೋಮೀಟರ್. ಹೆಚ್ಚಿನವರು ಬಂದು ಹೋಗುವುದು ಒಂದೇ ತುದಿಯಿಂದ. ಹಾಗಾಗಿ ಬೆಳಿಗ್ಗೆ ಬೋರಿವಲಿಯಲ್ಲೇ ಜನ ಮುಂದಿನ ಬೋಗಿಗೆ ಮುಗಿಬೀಳುತ್ತಾರೆ. ಬೆಂಗಳೂರಿನಲ್ಲಿ 148 ಕಿಲೋಮೀಟರ್‌ನ ಉಪನಗರ ರೈಲು ಮಾರ್ಗಗಳಿಗೆ ಸಿದ್ಧತೆ ನಡೆದಿದೆ. ಅದರ ಕೊನೆಯ ನಿಲ್ದಾಣಗಳ ನಕ್ಷೆ ಬರೆಯುವವರು ಈ ನೂಕುನುಗ್ಗಲನ್ನೊಮ್ಮೆ ಕಣ್ಣಾರೆ ನೋಡಬೇಕು.

ಸಂಜೆ ಆರಕ್ಕೆ ಎಲ್ಲ ತಿರುವುಮುರುವು. ಪಡಸಾಲೆಯಲ್ಲಿ ನಿಂತವರ ಕಣ್ಣೆಲ್ಲ ಇಂಡಿಕೇಟರ್ ಮೇಲೆ. ‘ಬಿಒ’ ಎಂದು ಮೂಡಿದ್ದೇ ತಡ, ಬೋರಿವಲಿಯವರು ಆ ಪ್ಲಾಟ್‌ಫಾರ್ಮ್‌ನತ್ತ ಹರಿಯುತ್ತಾರೆ. ಹತ್ತಿರದ ಬೋಗಿಗಳು ಕ್ಷಣದಲ್ಲಿ ಭರ್ತಿ. ದಿನವೂ ಓಡಾಡುವವರು ಮಾತ್ರ ಅವನ್ನು ಬಿಟ್ಟು ದೂರದ ಬೋಗಿಗಳತ್ತ ದಾಪುಗಾಲು ಹಾಕುತ್ತಾರೆ. ಅಲ್ಲಿ ಕಿಟಕಿ ಪಕ್ಕದ ಸೀಟು ಇನ್ನೂ ಒಂದೆರಡು ಖಾಲಿ ಇರುತ್ತವೆ.