ಎಚ್ ಸೇರಿಸಿದರೆ ಗಿರಾಕಿ ಬರುವುದಿಲ್ಲ

ನಂಬಿಕೆ: ಅಂಗಡಿಯ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿದಾಗ ಒಳ್ಳೆಯ ಸಂಖ್ಯೆ ಬರಬೇಕು. ಬರದಿದ್ದರೆ ಒಂದು ಎಚ್ ಅಥವಾ ಎ ಹೆಚ್ಚಿಗೆ ಸೇರಿಸಬೇಕು. ಆಗ ವ್ಯಾಪಾರ ಕುದುರುತ್ತದೆ.

ಸತ್ಯ: ಆ ಕೂಡಿಸುವ ಪಟ್ಟಿಯೇ ಒಂದಲ್ಲ. ಸೇರಿಸಿದ ಅಕ್ಷರದಿಂದ ಲಾಭವಿಲ್ಲ, ನಷ್ಟ ಉಂಟು.

ಪಡುಬಿದ್ರಿ–ಕಾರ್ಕಳ ರಸ್ತೆಯಲ್ಲಿರುವ ನಿಟ್ಟೆಯಲ್ಲಿ 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಇವತ್ತು ಅಲ್ಲಿ ಓದುವ ಸಾವಿರಾರು ಮಕ್ಕಳಲ್ಲಿ ಲ್ಯಾಪ್‌ಟಾಪ್ ಇಲ್ಲದವರನ್ನು ಹುಡುಕಬೇಕು. ಹಾಗಾಗಿ ಊರಿನ ಹುಡುಗನೊಬ್ಬನಿಗೆ ಅಲ್ಲೇ ಒಂದು ರಿಪೇರಿ ಅಂಗಡಿ ಇಡುವ ಮನಸ್ಸಾಗುವುದು ಸಹಜ. ಬಾಡಿಗೆ, ಮುಂಗಡ, ಬಿಡಿಭಾಗಗಳ ದಾಸ್ತಾನು, ಮಳೆಗಾಲದ ಸಿಡಿಲಿಗೆ ಸುಟ್ಟ ಬೋರ್ಡ್‌ಗಳನ್ನು ಸರಿಮಾಡುವ ಕೈಚಳಕ, ಇಷ್ಟೆಲ್ಲ ಚಿಂತೆಗಳಿರುವಾಗ ಅವನು ಮೊದಲು ಓಡುವುದು ನ್ಯೂಮರಾಲಜಿಯವರ ಮನೆಗೆ! ಅಲ್ಲಿಂದ ಬರುವಾಗ ಕೈಯಲ್ಲಿ ‘ಟೆಕ್’ ಎಂಬ ಪದಕ್ಕೆ ಎರಡು ಎಚ್ ಹಚ್ಚಿದ ಚೀಟಿ ಇರುತ್ತದೆ. ಇದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಆ ಚೀಟಿಯ ಲೆಕ್ಕವನ್ನೇ ಮಾಡೋಣ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಪಟ್ಟಿ ‘ಚಾಲ್ಡಿಯನ್’ ಎಂಬುದು. ಅದರಲ್ಲಿ ಟಿ 4, ಇ 5, ಸಿ 3, ಎಚ್ 5. ‘ಟೆಕ್’ ಎಂದರೆ 17, ಆ ಎರಡು ಅಂಕೆ ಕೂಡಿಸಿದರೆ 8. ಎಂಟು ಶನಿಯ ಸಂಖ್ಯೆ ಎಂಬ ಹೆದರಿಕೆ ಇದೆಯಲ್ಲ, ಅದಕ್ಕೆ ಇನ್ನೊಂದು ಎಚ್. ಈಗ 22, ಅಂದರೆ 4. ಶನಿ ತಪ್ಪಿತು, ಅವರದೇ ಲೆಕ್ಕದ ರಾಹು ಬಂದ. ಇನ್ನು ‘ಪೈಥಾಗೊರಿಯನ್’ ಎಂಬ ಎರಡನೆಯ ಪಟ್ಟಿ ತೆಗೆಯಿರಿ. ಅದರಲ್ಲಿ ಟಿ 2, ಇ 5, ಸಿ 3, ಎಚ್ 8. ‘ಟೆಕ್’ 18, ಅಂದರೆ 9. ಯಾವ ತೊಂದರೆಯೂ ಇಲ್ಲದ ಹೆಸರು. ಅದಕ್ಕೆ ಎಚ್ ಸೇರಿಸಿದ ಕೂಡಲೇ 26, ಅಂದರೆ 8. ಒಂದು ಪಟ್ಟಿಯಲ್ಲಿ ಯಾವ ಶನಿಯಿಂದ ಓಡಿದರೋ ಇನ್ನೊಂದರಲ್ಲಿ ಅದೇ ಶನಿಯ ಬಾಗಿಲಿಗೆ ಬಂದರು. ಎರಡರಲ್ಲಿ ಸರಿ ಯಾವುದು ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ದಾರಿಯನ್ನೇ ಅವರು ಇಟ್ಟುಕೊಂಡಿಲ್ಲ.

‘ಪ್ರಾಚೀನ ವಿದ್ಯೆ’ ಎಂಬ ಮಾತೂ ನಿಲ್ಲುವುದಿಲ್ಲ. ಬ್ಯಾಬಿಲೋನಿನ ಚಾಲ್ಡಿಯನ್ನರು ಇಂಗ್ಲಿಷ್ ಅಕ್ಷರಗಳನ್ನು ಕಂಡವರೇ ಅಲ್ಲ. ಐ ಮತ್ತು ಜೆ, ಯು ಮತ್ತು ವಿ ಬೇರೆ ಬೇರೆ ಅಕ್ಷರಗಳಾಗಿ ಗಟ್ಟಿಯಾದದ್ದೇ ಯುರೋಪಿನಲ್ಲಿ ಅಚ್ಚುಕೂಟಗಳು ಬಂದ ಮೇಲೆ. ಅವುಗಳಿಗೆ ಸಾವಿರಾರು ವರ್ಷಗಳ ಹಿಂದೆಯೇ ಬೆಲೆ ಕಟ್ಟಿದವರು ಯಾರು? ಈ ಪಟ್ಟಿಯನ್ನು ಲೋಕದ ತುಂಬ ಹಬ್ಬಿಸಿದ್ದು ಕೈರೋ ಎಂಬ ಹೆಸರಿನಲ್ಲಿ ಹಸ್ತರೇಖೆ ನೋಡುತ್ತಿದ್ದ ಐರ್ಲೆಂಡಿನ ವಿಲಿಯಂ ಜಾನ್ ವಾರ್ನರ್. ಅವನು ಬದುಕಿದ್ದು 1866ರಿಂದ 1936ರವರೆಗೆ. ಕರಾವಳಿಯಲ್ಲಿ ಇದನ್ನು ಋಷಿಮುನಿಗಳ ಕೊಡುಗೆ ಎಂದು ಮಾರುತ್ತಾರೆ.

ಅಕ್ಷರಕ್ಕೆ ಅಂಕೆ ಹಚ್ಚುವ ನಿಜವಾದ ಹಳೆಯ ಪದ್ಧತಿ ನಮ್ಮಲ್ಲೇ ಇದೆ: ಕಟಪಯಾದಿ. ಸಂಗೀತ ಕಲಿತವರಿಗೆ ಗೊತ್ತು, ‘ಮೇಚಕಲ್ಯಾಣಿ’ಯ ಮ 5, ಚ 6, ತಿರುಗಿಸಿ ಓದಿದರೆ 65, ಅದು ಮೇಳಕರ್ತದಲ್ಲಿ ಆ ರಾಗದ ಸಂಖ್ಯೆ. ‘ಧೀರಶಂಕರಾಭರಣ’ 29. ಅಂಕೆ ಮರೆಯದಿರಲಿ ಎಂದು ಹೆಸರಿನೊಳಗೆ ಅದನ್ನು ಕೂರಿಸಿಟ್ಟ ಜಾಣತನ ಇದು. ಅದರಲ್ಲಿ ‘ನಿಟ್ಟೆ’ಯನ್ನು ಓದಿದರೆ 10 ಬರುತ್ತದೆ, ಅಷ್ಟೆ. ಆ ಹತ್ತು ನಿಟ್ಟೆಗೆ ಒಳಿತನ್ನಾಗಲಿ ಕೆಡುಕನ್ನಾಗಲಿ ತರುತ್ತದೆಂದು ಆ ಪದ್ಧತಿ ಹೇಳುವುದಿಲ್ಲ. ನೆನಪಿಗೆ ನೆರವಾಗುವುದು ಅದರ ಕೆಲಸ. ಅಂಗಡಿಯ ಹೆಸರಿಗೆ ಬೇಕಾದದ್ದೂ ಅದೇ ಗುಣ, ನ್ಯೂಮರಾಲಜಿ ಕೆಡಿಸುವುದೂ ಅದೇ ಗುಣವನ್ನು.

ಇನ್ನೊಂದು ವಿಷಯ ಯಾರ ತಲೆಗೂ ಹೊಳೆಯದಿರುವುದು ನನಗೆ ಅಚ್ಚರಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷಿನಲ್ಲಿ ಒಂದು ಎಚ್ ಬರೆಯಿರಿ, ಮೂರು ಬರೆಯಿರಿ, ಕನ್ನಡದಲ್ಲಿ ‘ಟೆಕ್’ ಎಂಬುದು ‘ಟೆಕ್’ ಆಗಿಯೇ ಇರುತ್ತದೆ. ಬೋರ್ಡಿನ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಕಾಣದ, ಬಾಯಲ್ಲಿ ಹೇಳಿದರೆ ಕೇಳಿಸದ ಅಕ್ಷರ ಅದೃಷ್ಟವನ್ನು ಎಲ್ಲಿಂದ ತರಬೇಕು? ನಾಡಿನ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಹೆಸರಿನ ಇಂಗ್ಲಿಷ್ ಕಾಗುಣಿತ 2007ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಹಳೆಯದಕ್ಕೆ ಮರಳಿತು. ಇದರ ಹಿಂದೆ ಸಂಖ್ಯೆಯ ಸಲಹೆ ಇದೆಯೆಂದು ಪತ್ರಿಕೆಗಳು ಬರೆದವು. ಹೊಸ ಕಾಗುಣಿತದಲ್ಲಿ ಅವರು ಮುಖ್ಯಮಂತ್ರಿಯೂ ಆದರು, 2011ರಲ್ಲಿ ರಾಜೀನಾಮೆಯನ್ನೂ ಕೊಟ್ಟರು. ಹಳೆಯ ಕಾಗುಣಿತದಲ್ಲೂ ಮುಖ್ಯಮಂತ್ರಿಯಾದರು, 2021ರಲ್ಲಿ ಮತ್ತೆ ರಾಜೀನಾಮೆ ಕೊಟ್ಟರು. ಅವರಿಗೆ ಮತ ಹಾಕಿದವರು ಓದಿದ ಕನ್ನಡದ ಹೆಸರು ಈ ಅಷ್ಟೂ ಕಾಲ ಒಂದೇ ಆಗಿತ್ತು.

ಹೆಸರಿನಿಂದ ಹಣಕಾಸಿಗೆ ಏನೂ ಆಗುವುದಿಲ್ಲವೇ? ಒಂದು ರೀತಿಯಲ್ಲಿ ಆಗುತ್ತದೆ. ಆಡಂ ಆಲ್ಟರ್ ಮತ್ತು ಡೇನಿಯಲ್ ಓಪನ್‌ಹೈಮರ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಷೇರುಪೇಟೆಗೆ ಹೊಸದಾಗಿ ಬಂದ ಕಂಪನಿಗಳಲ್ಲಿ ಸುಲಭವಾಗಿ ಉಚ್ಚರಿಸಬಹುದಾದ ಹೆಸರಿನವು ಮೊದಲ ದಿನಗಳಲ್ಲಿ ಉಳಿದವಕ್ಕಿಂತ ಚೆನ್ನಾಗಿ ನಡೆದಿದ್ದವು. ಕಾಲ ಕಳೆದಂತೆ ಆ ಅಂತರ ಕುಗ್ಗಿತು. ಅಂದರೆ ಹೆಸರು ನಾಲಿಗೆಗೆ ಹಗುರವಾಗಿದ್ದರೆ ಆರಂಭದಲ್ಲಿ ಸ್ವಲ್ಪ ಅನುಕೂಲ ಉಂಟು. ಬೇಡದ ಅಕ್ಷರ ತುರುಕುವವರು ಇರುವ ಆ ಒಂದು ಅನುಕೂಲವನ್ನೂ ಕಳೆದುಕೊಳ್ಳುತ್ತಾರೆ.

ನಿಟ್ಟೆಯಂಥ ಕಡೆ ಇದು ಇನ್ನೂ ಮುಖ್ಯ. ಹಾಸ್ಟೆಲಿನಲ್ಲಿ ಒಬ್ಬನ ಪರದೆ ಒಡೆಯಿತೆನ್ನಿ. “ಎಲ್ಲಿ ಕೊಟ್ಟದ್ದು ಮಾರಾಯ?” ಎಂದು ಕೇಳಿದಾಗ ಗೆಳೆಯ ಒಂದೇ ಉಸಿರಿಗೆ ಹೇಳಬೇಕು, ಕೇಳಿದವನು ಫೋನಿನಲ್ಲಿ ಟೈಪ್ ಮಾಡಬೇಕು. ಕೇಳುವವನು ಕೇರಳದವನಿರಬಹುದು, ಉತ್ತರದವನಿರಬಹುದು, ಪಕ್ಕದ ಮನೆಯ ತುಳುವನೋ ಕೊಂಕಣಿಯವನೋ ಇರಬಹುದು. ನಕ್ಷೆಯಲ್ಲಿ ಹುಡುಕುವಾಗ ಹೆಚ್ಚಿನ ಅಕ್ಷರವನ್ನು ಯಂತ್ರ ಕೆಲವೊಮ್ಮೆ ಮನ್ನಿಸೀತು. ಇಮೇಲ್ ವಿಳಾಸ ಮನ್ನಿಸುವುದಿಲ್ಲ, ವೆಬ್ ವಿಳಾಸ ಮನ್ನಿಸುವುದಿಲ್ಲ, ಯುಪಿಐ ಐಡಿ ಮನ್ನಿಸುವುದಿಲ್ಲ. ಪ್ರತಿ ಗಿರಾಕಿಗೂ “ಎರಡು ಎಚ್, ಮಧ್ಯದಲ್ಲಿ ಎರಡು ಎ” ಎಂದು ಬಿಡಿಸಿ ಹೇಳುತ್ತ ಕೂರುವ ಹೊತ್ತಿನಲ್ಲಿ ಒಂದು ಕೀಬೋರ್ಡ್ ಬದಲಿಸಬಹುದು.

“ಅವರು ಅಕ್ಷರ ಬದಲಿಸಿದ ಮೇಲೆ ಉದ್ಧಾರವಾದರು” ಎಂಬ ಸಾಕ್ಷಿ ಯಾವಾಗಲೂ ಸಿದ್ಧ. ಅಕ್ಷರ ಬದಲಿಸಿಯೂ ಮುಚ್ಚಿದ ಅಂಗಡಿಗಳ ಬೋರ್ಡನ್ನು ಇಳಿಸಿರುತ್ತಾರೆ, ಅವು ಎಣಿಕೆಗೆ ಸಿಗುವುದಿಲ್ಲ. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿ ಮಕ್ಕಳು ಊರಿಗೆ ಹೋದಾಗ ಅವರನ್ನೇ ನಂಬಿದ್ದ ಯಾವ ಅಂಗಡಿಯನ್ನು ಯಾವ ಸಂಖ್ಯೆ ಉಳಿಸಿತು? 1931ರ ವಿಜಯದಶಮಿಯ ದಿನ ಹುಟ್ಟಿ ಆ ದಿನದ ಹೆಸರನ್ನೇ ಹೊತ್ತ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋಯಿತು. ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಹೆಸರೂ ಮರುವರ್ಷ ಅದೇ ದಿನ ಅಳಿಯಿತು. ಆ ನಿರ್ಧಾರ ಆದದ್ದು ದಿಲ್ಲಿಯಲ್ಲಿ, ಹೆಸರಿನ ಅಕ್ಷರಗಳಲ್ಲಿ ಅಲ್ಲ. ಆದರೆ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತಕ್ಕೂ ತೆರೆದ ಪಿಗ್ಮಿ ಠೇವಣಿಯ ಹೆಸರು ಮಾತ್ರ ಇವತ್ತಿಗೂ ಕರಾವಳಿಯ ಬಾಯಲ್ಲಿದೆ. ಬೇರೆ ಸೊಸೈಟಿಯವರು ಸಂಗ್ರಹಕ್ಕೆ ಬಂದರೂ ಜನ ಹೇಳುವುದು “ಪಿಗ್ಮಿಯವರು ಬಂದರು” ಎಂದೇ. ಗಿಡ್ಡ ಹೆಸರು, ದಿನವೂ ಬಾಗಿಲಿಗೆ ಬರುವ ಮನುಷ್ಯ, ತಪ್ಪದ ಲೆಕ್ಕ, ಈ ಮೂರು ಸೇರಿ ಅದು ನೆನಪಿನಲ್ಲಿ ಕೂತಿತು.

ಉಳಿದ ತಪ್ಪು ಕಲ್ಪನೆಗಳಿಗೆ ಇಷ್ಟು ಜಾಗ ಬೇಡ.

‘ಸೊಲ್ಯೂಷನ್ಸ್’, ‘ಇನ್ಫೋಟೆಕ್’, ‘ಸಿಸ್ಟಮ್ಸ್’ ಎಂದಿದ್ದರೆ ಮಾತ್ರ ಗೌರವ ಎಂಬುದು ಸುಳ್ಳು. ಎಲ್ಲರ ಬೋರ್ಡಿನಲ್ಲೂ ಇರುವ ಪದ ಯಾರ ಗುರುತೂ ಅಲ್ಲ. 1924ರಲ್ಲಿ ಶುರುವಾದ ಎಂಟಿಆರ್ ಹೋಟೆಲು ಬೆಂಗಳೂರಿನ ಮಾವಳ್ಳಿಯ ಹೆಸರನ್ನು ಹೊತ್ತು ಲೋಕಕ್ಕೆ ಹೋಯಿತು, ಅದನ್ನು ಕಟ್ಟಿದ ಮಯ್ಯರು ನಮ್ಮ ಕೋಟದ ಕಡೆಯ ಪಾರಂಪಳ್ಳಿಯವರು. ‘ಎ’ಯಿಂದ ಶುರುವಾದರೆ ಪಟ್ಟಿಯಲ್ಲಿ ಮೊದಲು ಬರುತ್ತದೆ ಎಂಬುದು ಟೆಲಿಫೋನ್ ಡೈರೆಕ್ಟರಿಯ ಜೊತೆಗೇ ಮುಗಿದ ಕಥೆ. ದೊಡ್ಡ ಕಂಪನಿಯ ಹೆಸರನ್ನು ಅಂಗಡಿಯ ಹೆಸರಿಗೆ ಅಂಟಿಸಿಕೊಂಡರೆ ನಂಬಿಕೆ ಬರುತ್ತದೆ ಎನ್ನುವವರು ವಕೀಲರ ನೋಟಿಸಿಗೆ ಕಾಯಬೇಕು. ಆ ಕಂಪನಿಯ ಲ್ಯಾಪ್‌ಟಾಪನ್ನೂ ರಿಪೇರಿ ಮಾಡುತ್ತೇವೆ ಎಂದು ಸತ್ಯ ಬರೆಯುವುದು ಬೇರೆ, ಅದರ ಹೆಸರಿನಲ್ಲಿ ಅಂಗಡಿ ಇಡುವುದು ಬೇರೆ.

ಪಂಚಾಯತಿಯ ಪರವಾನಗಿ, ಉದ್ಯಮ್ ನೋಂದಣಿ ಅಥವಾ ಜಿಎಸ್‌ಟಿ ಸಂಖ್ಯೆ ಸಿಕ್ಕಿತೆಂದರೆ ಹೆಸರು ತನ್ನದಾಯಿತು ಎಂಬ ನಂಬಿಕೆ ಮಾತ್ರ ಅಪಾಯದ್ದು. ಅವು ಯಾವುವೂ ಹೆಸರಿನ ಹಕ್ಕು ಕೊಡುವುದಿಲ್ಲ. ಹಕ್ಕು ಬರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಿಂದ, ಇಲ್ಲವೇ ಮೊದಲಿನಿಂದ ಬಳಸುತ್ತ ಬಂದ ದಾಖಲೆಯಿಂದ. ಇಲ್ಲೂ ಹೆಚ್ಚುವರಿ ಎಚ್ ಕಾಪಾಡುವುದಿಲ್ಲ, ಏಕೆಂದರೆ ನ್ಯಾಯಾಲಯಗಳು ಅಕ್ಷರದ ಜೊತೆಗೆ ಸದ್ದನ್ನೂ ನೋಡುತ್ತವೆ. 1985ರಿಂದ ಹಾಲು ಮಾರುತ್ತಿದ್ದ ನಂದಿನಿಗೂ 1989ರಲ್ಲಿ ಶುರುವಾದ ನಂಧಿನಿ ಡೀಲಕ್ಸ್ ಹೋಟೆಲಿಗೂ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2018ರ ಜುಲೈನಲ್ಲಿ. ಹೋಟೆಲಿನ ಇಂಗ್ಲಿಷ್ ಹೆಸರಿನಲ್ಲಿ ಒಂದು ಎಚ್ ಹೆಚ್ಚಿಗೆ ಇತ್ತು. ಆದರೂ ವ್ಯಾಜ್ಯ ತಪ್ಪಲಿಲ್ಲ. ಹೋಟೆಲು ಗೆದ್ದದ್ದು ಎರಡರ ಗುರುತು ಕಣ್ಣಿಗೆ ಬೇರೆಯಾಗಿ ಕಾಣುತ್ತಿತ್ತು, ಸರಕೂ ಬೇರೆಯಾಗಿತ್ತು ಎಂಬ ಕಾರಣಕ್ಕೆ. ಒಂದೇ ರಸ್ತೆಯಲ್ಲಿ ಒಂದೇ ರಿಪೇರಿ ಕೆಲಸ ಮಾಡುವ ಇಬ್ಬರಿಗೆ ಆ ಆಸರೆಯೂ ಇರುವುದಿಲ್ಲ.

ನನಗೆ ನಿಜಕ್ಕೂ ನೋವಾಗುವುದು ಬೇರೆ ಕಾರಣಕ್ಕೆ. ಲ್ಯಾಪ್‌ಟಾಪ್ ಆನ್ ಆಗದಿದ್ದರೆ ರಿಪೇರಿಯವನು ಏನು ಮಾಡುತ್ತಾನೆ? ಮೊದಲು ಚಾರ್ಜರ್ ಬದಲಿಸಿ ನೋಡುತ್ತಾನೆ, ಆಮೇಲೆ ಬ್ಯಾಟರಿ ತೆಗೆದು, ಆಮೇಲೆ ರ್‍ಯಾಮ್ ಒಂದೊಂದಾಗಿ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೂ ಪರೀಕ್ಷೆ. ವಿಜ್ಞಾನ ಎಂದರೆ ಇದೇ, ಅದು ಅವನ ಬೆರಳ ತುದಿಯಲ್ಲಿದೆ. ಅದೇ ಮನುಷ್ಯ ಹೆಸರು, ಬೋರ್ಡು, ಜಾಗ, ದರ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ವ್ಯಾಪಾರ ಹೆಚ್ಚಿದ್ದು ಎಚ್‌ನಿಂದ ಎಂದು ಹೇಳುತ್ತಾನೆ! ಮೇಜಿನ ಮುಂದೆ ಇರುವ ಬುದ್ಧಿ ಬೋರ್ಡಿನ ಮುಂದೆ ಏಕೆ ಕೈಕೊಡುತ್ತದೆ? ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆಗೆ ಒಡ್ಡಲೆಂದು ಸಮಿತಿ ಮಾಡಿದ್ದು 1976ರಲ್ಲಿ. ಅರ್ಧ ಶತಮಾನವಾಗುತ್ತ ಬಂತು. ಈಗ ಪದವಿಗಳು ಹೆಚ್ಚಿವೆ, ಕಾಲೇಜುಗಳು ಹೆಚ್ಚಿವೆ, ಕಿಸೆಯಲ್ಲೇ ಕಂಪ್ಯೂಟರ್ ಇದೆ. ಮಗುವಿನ ಹೆಸರು, ಕಾರಿನ ನಂಬರು, ಮೊಬೈಲಿನ ನಂಬರು, ಮದುವೆಯ ಕರೆಯೋಲೆಯ ಕಾಗುಣಿತ ಎಲ್ಲವೂ ಅದೇ ಪಟ್ಟಿಯ ಮುಂದೆ ಕೈಕಟ್ಟಿ ನಿಂತಿವೆ. ಓದಿದವರೇ ಮುಂದಿನ ಸಾಲಿನಲ್ಲಿದ್ದಾರೆ. ಅವರನ್ನು ನೋಡಿ ಊರಿನ ಹುಡುಗ ಕಲಿಯುತ್ತಾನೆ, ಸಾಲದ ಹಣದಲ್ಲಿ ಮೊದಲ ಕಂತನ್ನು ಅಲ್ಲಿಗೇ ಒಪ್ಪಿಸುತ್ತಾನೆ.

ಹೊಸದಾಗಿ ಅಂಗಡಿ ಇಡುವವರಿಗೆ ಕಳಕಳಿಯಿಂದ ಹೇಳುತ್ತೇನೆ. ಎರಡು ಅಥವಾ ಮೂರು ಅಕ್ಷರದ, ಕಣ್ಣ ಮುಂದೆ ಚಿತ್ರ ಮೂಡಿಸುವ ಪದ ಹುಡುಕಿ. ಮರ, ಹಕ್ಕಿ, ಅಜ್ಜನ ಮನೆಯ ಹೆಸರು ಏನಾದರೂ ಆಗಲಿ. ‘ನಿಟ್ಟೆ’ ಎಂಬುದನ್ನೇ ಮುಖ್ಯ ಹೆಸರು ಮಾಡಬೇಡಿ. ಊರಿನ ಹೆಸರಿನ ಮೇಲೆ ಒಬ್ಬರಿಗೇ ಹಕ್ಕು ಸಿಗುವುದು ಕಷ್ಟ, ಕಾಲೇಜಿನವರದೇ ಅಂಗಡಿ ಎಂಬ ಗೊಂದಲ ಬೇರೆ. ಫೋನಿನಲ್ಲಿ ಆ ಹೆಸರನ್ನು ಒಮ್ಮೆ ಮಾತ್ರ ಹೇಳಿ, ಆ ಕಡೆಯವರಿಂದ ಬರೆಸಿ ನೋಡಿ. ಬೇರೆ ಬೇರೆ ಮನೆಮಾತಿನವರು ಒಂದೇ ರೀತಿ ಬರೆದರೆ ಆ ಹೆಸರು ಗೆದ್ದಂತೆ. ಆಮೇಲೆ ಟ್ರೇಡ್‌ಮಾರ್ಕ್ ನೋಂದಣಿಯ ಸರಕಾರಿ ತಾಣದಲ್ಲಿ 37ನೆಯ ವರ್ಗವನ್ನು ತೆರೆಯಿರಿ. ರಿಪೇರಿ ಸೇವೆಗಳು ಬರುವುದು ಅದರಲ್ಲಿ. ನೀವು ಆರಿಸಿದ ಹೆಸರನ್ನೇ ಅಥವಾ ಅದರಂತೆ ಕೇಳಿಸುವುದನ್ನು ಬೇರೆಯವರು ಪಡೆದಿದ್ದಾರೆಯೇ ಎಂದು ಹುಡುಕುವುದಕ್ಕೆ ಶುಲ್ಕವಿಲ್ಲ. ಇಲ್ಲವೆಂದಾದರೆ ಒಬ್ಬ ವ್ಯಕ್ತಿ ಆನ್‌ಲೈನ್ ಅರ್ಜಿಗೆ ಕಟ್ಟಬೇಕಾದದ್ದು 4,500 ರೂಪಾಯಿ, ನೋಂದಣಿಯಾದರೆ ಹತ್ತು ವರ್ಷಕ್ಕೆ ಅದು ನಿಮ್ಮದು.